ತುಮಕೂರಿನಲ್ಲಿ ಸಿ.ಐ.ಡಿ. 999

ಸಿನಿಮಾ ಶುರುವಾಗಿ ಇಪ್ಪತ್ತು ನಿಮಿಷ ಆಗಿರಬಹುದು. ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಬಂತು. ಖುಷಿಯ ಶಿಳ್ಳೆ ಅಲ್ಲ ಅದು. ತೆರೆಯ ಮೇಲೆ ರಾಜ್‌ಕುಮಾರ್ ಸೂಟು ಹಾಕಿ ಪಿಸ್ತೂಲು ಹಿಡಿದಿದ್ದರು. ಅದಾದ ಮೇಲೆ ಯಾವ ಗಂಭೀರ ದೃಶ್ಯ ಬಂದರೂ ಹಾಲ್‌ನಲ್ಲಿ ಕಿಸಿಕಿಸಿ ನಗು. ಇಂಟರ್ವಲ್‌ನಲ್ಲಿ ಟೀ ಕುಡಿಯಲು ಹೋದ ಹುಡುಗರಲ್ಲಿ ಅರ್ಧ ಜನ ವಾಪಸ್ ಬರಲಿಲ್ಲ.

ಆ ಸಂಜೆ ತಪ್ಪಿದ್ದೆಲ್ಲಿ, ಮುಂದೆ ನಾವು ಏನು ಬದಲಾಯಿಸಿದೆವು, ಅದರಿಂದ ಏನು ಹೊರಬಂತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಹಳೆಯ ಸಿನಿಮಾ ಸರಣಿಯೊಂದನ್ನು ಇವತ್ತಿನವರಿಗೆ ಮತ್ತೆ ತರಬೇಕು ಅಂತ ಆಸೆ ಇರುವವರಿಗೆ ಕೆಲಸಕ್ಕೆ ಬರಬಹುದು. ನಾನು ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಸಿನಿಮಾ ಹುಚ್ಚಿನ ಐದಾರು ಜನ ಸೇರಿ ಆಗಾಗ ಹಳೆಯ ಚಿತ್ರಗಳನ್ನು ತೋರಿಸುತ್ತೇವೆ. ಈ ಸಲ ಜೊತೆಗೆ ಪದವಿ ಓದುವ ಹುಡುಗ ಹುಡುಗಿಯರ ಒಂದು ತಂಡವೂ ಇತ್ತು. ರಾಜ್‌ಕುಮಾರ್ ಸಿ.ಐ.ಡಿ. 999 ಅನ್ನುವ ಗೂಢಚಾರನಾಗಿ ನಟಿಸಿದ ನಾಲ್ಕು ಚಿತ್ರಗಳನ್ನು ಅವರಿಗೆ ತೋರಿಸಬೇಕು, ಆಮೇಲೆ ಅವರಿಂದಲೇ ಐದನೇ ಭಾಗಕ್ಕೆ ಒಂದೊಂದು ಒನ್‌ಲೈನ್, ಅಂದರೆ ನಾಲ್ಕು ಮಾತಿನಲ್ಲಿ ಹೇಳುವ ಕಥೆಯ ಎಳೆ, ಬರೆಸಬೇಕು. ಯೋಜನೆ ಅಷ್ಟೇ.

ಯಾಕೆ 999

ಕನ್ನಡದಲ್ಲಿ ಸರಣಿ ಅಂದರೆ ಹಾರರ್, ಇಲ್ಲ ರೌಡಿಸಂ ಅಂತ ನಾವೀಗ ಅಂದುಕೊಂಡುಬಿಟ್ಟಿದ್ದೇವೆ. ಆದರೆ 1968ರಲ್ಲೇ ನಮ್ಮಲ್ಲಿ ಒಂದು ಗೂಢಚಾರ ಸರಣಿ ಶುರುವಾಗಿತ್ತು. ಮೊದಲನೆಯದು ‘ಜೇಡರ ಬಲೆ’. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಆಮೇಲೆ ಒಂಬತ್ತು ವರ್ಷ ಸದ್ದಿಲ್ಲ. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕಕ್ಕೂ ನಾಯಕ ರಾಜ್‌ಕುಮಾರ್, ನಿರ್ದೇಶಕರು ದೊರೆ-ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್. ದೊರೆ-ಭಗವಾನ್ ಜೋಡಿ ನಿರ್ದೇಶನಕ್ಕೆ ಇಳಿದದ್ದೇ ‘ಜೇಡರ ಬಲೆ’ಯಿಂದ. ಆಮೇಲೆ ಇದೇ ಜೋಡಿ ‘ಕಸ್ತೂರಿ ನಿವಾಸ’ ಮಾಡಿತು ಅಂದರೆ ಹುಡುಗರು ನಂಬಲೇ ಇಲ್ಲ.

ನಾಯಕಿಯರ ಪಟ್ಟಿ ನೋಡಿ. ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯಾ. ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ಅದೇ ರೇಖಾ, ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು 1969ರ ಆ ಕನ್ನಡ ಚಿತ್ರದಲ್ಲಿ.

ತುಮಕೂರಿನವರಾದ ನಮಗೆ ಇನ್ನೊಂದು ಕಾರಣವೂ ಇತ್ತು. ರಾಜ್‌ಕುಮಾರ್ ನಟನೆಯ ಪಾಠ ಕಲಿತ ಜಾಗಗಳಲ್ಲಿ ನಮ್ಮ ಗುಬ್ಬಿ ಕಂಪನಿ ದೊಡ್ಡದು. ಅವರು ನಾಯಕರಾದ ‘ಬೇಡರ ಕಣ್ಣಪ್ಪ’ 1954ರಲ್ಲಿ ಬಂತು, ಅದರ ಹಿಂದೆ ಗುಬ್ಬಿ ವೀರಣ್ಣನವರಿದ್ದರು. ನಾಟಕವಾಗಿ ಜನಪ್ರಿಯವಾಗಿದ್ದ ಕಥೆ ಅಲ್ಲಿ ಸಿನಿಮಾ ಆಯಿತು. 1988ರಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ ಅಂತ ಅದೇ ಕಥೆ ಮತ್ತೆ ಬಂತು. ಈ ಸಲ ಕಣ್ಣಪ್ಪನಾಗಿ ಮಗ ಶಿವರಾಜ್‌ಕುಮಾರ್, ಶಿವನಾಗಿ ತಂದೆ. ಹಳೆಯದನ್ನು ಹೊಸಬರಿಗೆ ದಾಟಿಸುವ ಕೆಲಸ ಈ ಕಡೆಯವರಿಗೆ ಹೊಸದಲ್ಲ ಅಂತ ನಾನು ಭಾಷಣ ಬಿಗಿದಿದ್ದೆ. ಆ ಜಂಬ ಮೊದಲ ಶೋನಲ್ಲೇ ಇಳಿಯಿತು.

ಮೊದಲ ಶೋ

ಹಕ್ಕು ಇರುವವರನ್ನು ಹುಡುಕಿ, ಪತ್ರ ಬರೆದು, ಟಿಕೆಟ್ ಇಲ್ಲದ ಒಂದು ಪ್ರದರ್ಶನಕ್ಕೆ ಒಪ್ಪಿಗೆ ಪಡೆಯುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಹಾಲ್ ಸಿಕ್ಕಿತು. ಪ್ರೊಜೆಕ್ಟರ್ ಬಾಡಿಗೆಗೆ ತಂದೆವು. ಮೊದಲು ತೋರಿಸಬೇಕಿದ್ದದ್ದು ‘ಜೇಡರ ಬಲೆ’. ಹಿಂದಿನ ರಾತ್ರಿ ನಾನು ಕೂತು ಚಿತ್ರವನ್ನು ಕತ್ತರಿಸಿದೆ. ಈಗಿನವರಿಗೆ ತಾಳ್ಮೆ ಇಲ್ಲ ಅಲ್ವಾ, ಅದಕ್ಕೆ. ಹಾಡುಗಳು ಹೋದವು. ಹಾಸ್ಯದ ಭಾಗ ಹೋಯಿತು. ಉಳಿದದ್ದು ಹೊಡೆದಾಟ, ಬೆನ್ನಟ್ಟುವುದು, ಒಂದಿಷ್ಟು ಪ್ಲಾಟ್. ಹಾಗೆ ಕತ್ತರಿಸಲು ನಮಗೆ ಒಪ್ಪಿಗೆ ಇರಲಿಲ್ಲ. ಅದು ತಪ್ಪೇ. ಆದರೆ ಅವತ್ತು ನನಗೆ ಅದು ಜಾಣತನದ ಹಾಗೆ ಕಂಡಿತ್ತು.

ಆಮೇಲೆ ಮೈಕ್ ಹಿಡಿದೆ. ನಾನು ಹೇಳಿದ್ದನ್ನು ಒಬ್ಬ ಹುಡುಗ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಈಗ ಕೇಳಿದರೆ ನಾಚಿಕೆ ಆಗುತ್ತದೆ:

“ಫ್ರೆಂಡ್ಸ್, ಇದು ನಮ್ಮ ಕನ್ನಡದ ಜೇಮ್ಸ್ ಬಾಂಡ್. ಗನ್ನು, ಗ್ಯಾಜೆಟ್ಟು, ಎಲ್ಲಾ ಇದೆ. ಸ್ವಲ್ಪ ಹಳೇ ಕಾಲದ್ದು, ಭಾಷೆ ಸ್ವಲ್ಪ ಪುಸ್ತಕದ ಥರ ಇರುತ್ತೆ. ಅಡ್ಜಸ್ಟ್ ಮಾಡ್ಕೊಳ್ಳಿ.”

ಆಮೇಲಿನ ಕಥೆ ಗೊತ್ತಲ್ಲ.

ಆಪರೇಟರ್ ತಾತ

ಹಿಂದಿನ ಸಾಲಿನ ಮೂಲೆಯಲ್ಲಿ ಒಬ್ಬರು ಕೊನೆವರೆಗೂ ಕೂತಿದ್ದರು. ಎಂಬತ್ತರ ಹತ್ತಿರ ವಯಸ್ಸು. ಮೊದಲು ಟೂರಿಂಗ್ ಟಾಕೀಸ್‌ನಲ್ಲಿ, ಆಮೇಲೆ ಊರಿನ ಒಂದು ಟಾಕೀಸ್‌ನಲ್ಲಿ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ಓಡಿಸುತ್ತಿದ್ದ ಕಾಲದವರು. ಎರಡು ಕಡ್ಡಿಗಳ ನಡುವೆ ಕರೆಂಟ್ ಹಾರಿ ಬೆಳಕು ಹುಟ್ಟುತ್ತದೆ, ಕಡ್ಡಿ ಸವೆದಂತೆ ಹತ್ತಿರ ತರುತ್ತಲೇ ಇರಬೇಕು, ಮರೆತರೆ ತೆರೆ ಕಪ್ಪು. ಹುಡುಗರು ಅವರನ್ನು ಆಪರೇಟರ್ ತಾತ ಅಂತಲೇ ಕರೆಯುತ್ತಿದ್ದರು. ಎಲ್ಲರೂ ಹೋದ ಮೇಲೆ ಅವರು ನನ್ನ ಹತ್ತಿರ ಬಂದರು.

“ಏನಯ್ಯಾ, ಅಣ್ಣಾವ್ರ ಮುಖಾನ ರೊಟ್ಟಿ ತಟ್ಟಿದ ಹಾಗೆ ತಟ್ಟಿಬಿಟ್ಟಿದ್ದೀಯ?”

ನನಗೆ ಅರ್ಥವಾಗಲಿಲ್ಲ. ತಿರುಗಿ ತೆರೆ ನೋಡಿದೆ. ಆಗ ಹೊಳೆಯಿತು. ಆ ಕಾಲದ ಚೌಕದಂಥ ಚಿತ್ರ, ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ನಮ್ಮ ಪ್ರೊಜೆಕ್ಟರ್ ಹದಿನಾರಕ್ಕೆ ಒಂಬತ್ತರ ಅಗಲ ತೆರೆಗೆ ಅದನ್ನು ಎಳೆದು ತುಂಬಿಸಿತ್ತು. ಲೆಕ್ಕ ಹಾಕಿದರೆ ಮೂರು ಅಂಗುಲದ ಮುಖ ನಾಲ್ಕು ಅಂಗುಲ ಆಗುತ್ತದೆ. ಓಡುವವನು ಉರುಳುವ ಹಾಗೆ ಕಾಣುತ್ತಾನೆ. ಸೂಟು ಹಾಕಿದ ಮೈಕಟ್ಟು ಡ್ರಮ್ಮಿನ ಹಾಗೆ. ಹುಡುಗರು ನಗದೆ ಇನ್ನೇನು ಮಾಡುತ್ತಾರೆ? ದಿನಾ ಎಡಿಟಿಂಗ್ ಮಾಡುವ ನಾನೇ ಗಮನಿಸಿರಲಿಲ್ಲ. ಟಿವಿಯಲ್ಲಿ, ಫೋನಿನಲ್ಲಿ ಹಳೆಯ ಚಿತ್ರಗಳನ್ನು ಹೀಗೆ ಎಳೆದೇ ನೋಡಿ ಕಣ್ಣು ಒಗ್ಗಿಹೋಗಿದೆ.

ಎರಡನೆಯದು ಧ್ವನಿ. ಆ ಚಿತ್ರಗಳದು ಒಂದೇ ಟ್ರ್ಯಾಕಿನ ಧ್ವನಿ. ನಾವು ಹಾಲ್‌ನ ಎರಡು ಮೂಲೆಗೆ ಮದುವೆ ಮನೆಯ ಎರಡು ದೊಡ್ಡ ಸ್ಪೀಕರ್ ಇಟ್ಟು ಬಾಸ್ ಏರಿಸಿದ್ದೆವು. ಟೈಲ್ಸ್ ಹಾಕಿದ ಹಾಲ್. ಮಾತು ಗೋಡೆಗೆ ಬಡಿದು ಬಡಿದು ಬರುತ್ತಿತ್ತು. ಒಂದು ವಾಕ್ಯ ಮುಗಿಯುವ ಮೊದಲೇ ಹಿಂದಿನ ವಾಕ್ಯದ ಬಾಲ ಕೇಳುತ್ತಿತ್ತು.

ಮೂರನೆಯದನ್ನು ಹೇಳುವಾಗ ತಾತನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

“ನರಸಿಂಹರಾಜು ಎಲ್ಲಿ? ತಿಪಟೂರಿನವನು. ನಮ್ಮ ಜಿಲ್ಲೆಯವನು. ಅವನನ್ನೇ ಕತ್ತರಿಸಿ ಎಸೆದಿದ್ದೀಯಲ್ಲೋ!”

ಹೌದು, ಎಸೆದಿದ್ದೆ. ಹಾಸ್ಯದ ದೃಶ್ಯ ಬಂದಾಗ ಜನ ಉಸಿರು ಬಿಡುತ್ತಾರೆ, ಆಮೇಲೆ ಮುಂದಿನ ಹೊಡೆದಾಟಕ್ಕೆ ಮತ್ತೆ ಬಿಗಿಯಾಗುತ್ತಾರೆ. ಆ ಬಿಡುವು ಇಲ್ಲದಿದ್ದರೆ ಒಳಗಿರುವ ನಗು ತಪ್ಪು ಜಾಗದಲ್ಲಿ ಹೊರಗೆ ಬರುತ್ತದೆ. ತಾತ ಇದನ್ನು ಹೀಗೆ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟೇ: “ನಗಿಸೋನನ್ನು ತೆಗೆದುಬಿಟ್ಟೆ. ಅದಕ್ಕೆ ಹೀರೋನ ನೋಡಿ ನಕ್ಕರು.”

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. “ಇನ್ನೊಂದು ವಿಷಯ. ಸಿನಿಮಾ ತೋರ್ಸೋನು ಸಾರಿ ಕೇಳಬಾರದು ಕಣಯ್ಯ. ನೀನೇ ಸಾರಿ ಕೇಳಿದ ಮೇಲೆ ಅವರು ಯಾಕೆ ಮರ್ಯಾದೆ ಕೊಡ್ತಾರೆ?”

ನಗು ಎಲ್ಲೆಲ್ಲಿ ಬಂತು

ತಾತ ಹೇಳಿದ ಮೊದಲ ಮೂರು ತಪ್ಪುಗಳನ್ನು ಸರಿ ಮಾಡುವುದು ಕಷ್ಟವಲ್ಲ. ನಾಲ್ಕನೆಯದು ಮಾತ್ರ ತಲೆಯಿಂದ ಹೋಗಲಿಲ್ಲ.

ಮಾರನೇ ದಿನ ಹುಡುಗರ ತಂಡವನ್ನು ಕೂರಿಸಿಕೊಂಡು ಕೇಳಿದೆ. ಬೈಯಲಿಕ್ಕಲ್ಲ, ಸುಮ್ನೆ ಕೇಳಿದೆ. ಎಲ್ಲಿ ನಗು ಬಂತು? ಎಲ್ಲಿ ಬರಲಿಲ್ಲ? ಅವರು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ನಗು ಬಂದದ್ದು ಗನ್ನು ತೆಗೆದಾಗ. ಯಂತ್ರದ ಗುಂಡಿ ಒತ್ತಿದಾಗ. ವಿಲನ್ ಕಡೆಯವರು ಹೊಡೆತ ತಿಂದು ಬಿದ್ದಾಗ. ಅಂದರೆ ನಾನು ಮೈಕ್‌ನಲ್ಲಿ ಜಂಬ ಕೊಚ್ಚಿದ ಪ್ರತಿಯೊಂದಕ್ಕೂ.

ನಗು ಬಾರದ ಜಾಗ ಯಾವುದು ಅಂದರೆ, ರಾಜ್‌ಕುಮಾರ್ ಮಾತಾಡಿದ ಕಡೆ.

ಒಬ್ಬ ಹುಡುಗ ಪಾವಗಡದವನು. ಅಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಅವನ ಮನೆಯಲ್ಲೂ ಅಷ್ಟೇ. ಅವನು ಹೇಳಿದ್ದು ನನ್ನನ್ನು ಅಲ್ಲಾಡಿಸಿತು. “ಸರ್, ಈಗಿನ ಕನ್ನಡ ಸಿನಿಮಾದಲ್ಲಿ ಸ್ಪೀಡಾಗಿ ಏನೋ ಅಂದುಬಿಡ್ತಾರೆ, ಎಷ್ಟೋ ಸಲ ಅರ್ಥ ಆಗಲ್ಲ. ಇವರು ಮಾತಾಡಿದ್ದು ಒಂದೊಂದು ಅಕ್ಷರಾನೂ ಅರ್ಥ ಆಯ್ತು. ಆ ಎಕೋ ಸೌಂಡ್‌ನಲ್ಲೂ.”

ಇನ್ನೊಬ್ಬಳು, ಗುಬ್ಬಿ ಕಡೆಯ ಬಿ.ಕಾಂ. ಹುಡುಗಿ, ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: “ಸೂಟ್ ಹಾಕ್ಕೊಂಡೋರು ನಮ್ಮ ಮುಂದೆ ಇಂಗ್ಲಿಷಲ್ಲೇ ಮಾತಾಡೋದು ಸರ್. ಬ್ಯಾಂಕಲ್ಲಿ, ಇಂಟರ್‌ವ್ಯೂನಲ್ಲಿ ಎಲ್ಲಾ ಕಡೆ. ಇವರು ಸೂಟ್ ಹಾಕ್ಕೊಂಡು ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ. ಅದೇ ಒಂಥರಾ ಸ್ಟೈಲಾಗಿತ್ತು.”

ಈ ಪ್ರಕರಣದಲ್ಲಿ ನನಗೆ ಸಿಕ್ಕ ಮುಖ್ಯ ವಿಷಯ ಇದೇ. 1968ರ ಪ್ರೇಕ್ಷಕರಿಗೆ ಹೊಸದಾಗಿ ಕಂಡದ್ದು ಸೂಟು, ಪಿಸ್ತೂಲು, ಯಂತ್ರ, ವೇಗ. ಬಾಂಡ್ ಚಿತ್ರಗಳು 1962ರಿಂದ ಬರುತ್ತಿದ್ದವು, ಆ ಗಾಳಿ ನಮ್ಮ ಕಡೆಗೂ ಬೀಸಿತ್ತು. ಕನ್ನಡ ಮಾತ್ರ ಅವರಿಗೆ ಮಾಮೂಲು. ನಾಟಕ ಕಂಪನಿಯಿಂದ ಬಂದ ನಟರು ಅಚ್ಚುಕಟ್ಟಾಗಿ ಮಾತಾಡುವುದರಲ್ಲಿ ವಿಶೇಷವೇನಿತ್ತು? ಇವತ್ತು ಲೆಕ್ಕ ಉಲ್ಟಾ ಆಗಿದೆ. ಪಿಸ್ತೂಲು, ಯಂತ್ರ, ಬೆನ್ನಟ್ಟುವುದು ಎಲ್ಲವನ್ನೂ ಹುಡುಗರು ಫೋನಿನಲ್ಲಿ ಸಾವಿರ ಸಲ ನೋಡಿದ್ದಾರೆ. ಯಂತ್ರ ಅಂತೂ ಅವರ ಜೇಬಿನಲ್ಲೇ ಇದೆ. ಅವರು ನೋಡದೇ ಇರೋದು, ಸೂಟು ಹಾಕಿಕೊಂಡು, ಧ್ವನಿ ಏರಿಸದೆ, ಸ್ಪಷ್ಟ ಕನ್ನಡದಲ್ಲಿ ಶತ್ರುವಿನ ಜೊತೆ ಮಾತಾಡುವ ಗೂಢಚಾರನನ್ನು.

ನಾನು ಜಂಬ ಪಟ್ಟದ್ದು ಹಳಸಿದ ಭಾಗಕ್ಕೆ. ಸಾರಿ ಕೇಳಿದ್ದು ತಾಜಾ ಇರುವ ಭಾಗಕ್ಕೆ.

ಎರಡನೇ ಶೋ

ಎರಡನೇ ಸಲ ‘ಜೇಡರ ಬಲೆ’ ತೋರಿಸಲಿಲ್ಲ. 1978ರ ಚಿತ್ರದಿಂದ ಶುರು ಮಾಡಿದೆವು. ಅದಕ್ಕೆ ಎರಡು ಕಾರಣ.

ಒಂದು, ಸರಣಿಯನ್ನು ಮಾಡಿದವರೇ ಒಮ್ಮೆ ಅದನ್ನು ಹೊಸ ಕಾಲಕ್ಕೆ ಹೊಂದಿಸಿದ್ದು ಆ ಚಿತ್ರದಲ್ಲಿ. ಈಗ ನಾವು ರೀಬೂಟ್ ಅಂತ ದೊಡ್ಡದಾಗಿ ಹೇಳುವುದನ್ನು ದೊರೆ-ಭಗವಾನ್ ಸದ್ದಿಲ್ಲದೆ ಮಾಡಿಬಿಟ್ಟಿದ್ದರು. ಒಂಬತ್ತು ವರ್ಷಗಳಲ್ಲಿ ಏನೇನು ಬದಲಾಗಿತ್ತು ನೋಡಿ. ಮೊದಲ ಮೂರು ಕಪ್ಪುಬಿಳುಪು, ಇದು ಬಣ್ಣದ್ದು. ಚಿತ್ರೀಕರಣಕ್ಕೆ ನೇಪಾಳಕ್ಕೆ ಹೋದರು. ಅದಕ್ಕಿಂತ ದೊಡ್ಡ ಬದಲಾವಣೆ ಧ್ವನಿಯದ್ದು. ಅರವತ್ತರ ದಶಕದಲ್ಲಿ ರಾಜ್‌ಕುಮಾರ್ ಹಾಡುಗಳು ಅಂದರೆ ಪಿ.ಬಿ. ಶ್ರೀನಿವಾಸ್ ಧ್ವನಿ. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ರಾಜ್ ತಾವೇ ಹಾಡತೊಡಗಿದರು. ಹಾಗಾಗಿ 1978ರ 999ಗೆ ತನ್ನದೇ ಹಾಡುವ ಧ್ವನಿ ಸಿಕ್ಕಿತು. ಬದಲಾಯಿಸದೆ ಉಳಿಸಿಕೊಂಡದ್ದೂ ಇದೆ. ಅದೇ ಸಂಖ್ಯೆ, ಅದೇ ನಾಯಕ, ಅದೇ ಸಂಗೀತ ನಿರ್ದೇಶಕ.

ಎರಡನೆಯ ಕಾರಣ ಅದರ ಇಂಗ್ಲಿಷ್ ಹಾಡು. “ಇಫ್ ಯು ಕಮ್ ಟುಡೇ” ಅಂತ ಶುರುವಾಗಿ “ಟಿಕ್ ಟಿಕ್ ಟಿಕ್” ಅನ್ನುವ ಹಾಡು. ಹುಡುಗರನ್ನು ಕೇಳಿದೆವು: 999 ಅಂದರೆ ನಿಮಗೆ ಗೊತ್ತಿರೋದು ಏನು? ಸರಣಿ ಯಾರಿಗೂ ಗೊತ್ತಿರಲಿಲ್ಲ. ಹಾಡು ಎಲ್ಲರಿಗೂ ಗೊತ್ತಿತ್ತು. ರೀಲ್ಸ್‌ನಲ್ಲಿ, ಮೀಮ್‌ನಲ್ಲಿ ಸುತ್ತಿ ಸುತ್ತಿ ಅದು ಅವರ ಹಾಡೇ ಆಗಿಬಿಟ್ಟಿದೆ. ಹೆಚ್ಚಿನವರು ಅದನ್ನು ತಮಾಷೆಗೆ ಬಳಸುವುದು ನಿಜ. ಆದರೆ ತಮಾಷೆಗಾದರೂ ನಲವತ್ತು ಐವತ್ತು ವರ್ಷ ಬದುಕುಳಿದ ವಸ್ತುವನ್ನು ಬಾಗಿಲ ಹಾಗೆ ಬಳಸಿಕೊಳ್ಳಬಹುದಲ್ಲ?

ಒಂದು ವೈಚಿತ್ರ್ಯ ಇಲ್ಲಿದೆ. ಈಗಷ್ಟೇ ಕನ್ನಡದ ಬಗ್ಗೆ ಅಷ್ಟೆಲ್ಲ ಹೇಳಿದೆ. ಹುಡುಗರನ್ನು ಒಳಗೆ ಕರೆತಂದದ್ದು ಮಾತ್ರ ಸರಣಿಯ ಇಂಗ್ಲಿಷ್ ಹಾಡು. ಇದನ್ನು ಹೇಗೆ ಹೊಂದಿಸುವುದೋ ನನಗೆ ತಿಳಿಯದು. ಹಾಗೇ ಬಿಟ್ಟಿದ್ದೇನೆ.

ಸಿದ್ಧತೆಯ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಚಿತ್ರದ ಅಳತೆಯನ್ನು ಅದರ ಮೂಲಕ್ಕೆ ಸರಿಹೊಂದಿಸಿದೆವು. ಸ್ಪೀಕರನ್ನು ಮೂಲೆಯಿಂದ ತೆಗೆದು ಒಂದನ್ನೇ ತೆರೆಯ ಕೆಳಗೆ ನಡುವಿಗೆ ಇಟ್ಟೆವು. ಬಾಸ್ ಇಳಿಸಿದೆವು. ಗೋಡೆಗೆ ಮದುವೆ ಡೆಕೊರೇಷನ್ನಿನ ದಪ್ಪ ಪರದೆ ಕಟ್ಟಿದೆವು. ಪರದೆ ಗುಲಾಬಿ ಬಣ್ಣದ್ದಾಗಿತ್ತು, ಏನು ಮಾಡುವುದು. ಒಂದು ದೃಶ್ಯವನ್ನೂ ಕತ್ತರಿಸಲಿಲ್ಲ.

ಮೈಕ್ ನಾನು ಮುಟ್ಟಲಿಲ್ಲ. ತಾತನ ಕೈಗೆ ಕೊಟ್ಟೆವು. ಅವರು ಎರಡೇ ನಿಮಿಷ ಮಾತಾಡಿದರು. ಬಾಂಡ್ ಹೆಸರು ಎತ್ತಲಿಲ್ಲ. ಚಿತ್ರ ಒಳ್ಳೆಯದು ಅಂತಲೂ ಹೇಳಲಿಲ್ಲ. ಟೆಂಟಿನಲ್ಲಿ ಸೆಕೆಂಡ್ ಶೋಗೆ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಹೇಗೆ ಬರುತ್ತಿದ್ದರು, ಗಾಂಧಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತವರು ಮರಳು ಗುಡ್ಡೆ ಮಾಡಿಕೊಂಡು ಎತ್ತರ ಏರಿಸಿಕೊಳ್ಳುತ್ತಿದ್ದದ್ದು, ರೀಲು ಬದಲಾಯಿಸುವಾಗ ತಡವಾದರೆ ಬೀಳುತ್ತಿದ್ದ ಬೈಗುಳ. ಕೊನೆಗೆ “ನೋಡ್ರಪ್ಪಾ, ಆಮೇಲೆ ಮಾತಾಡಣ” ಅಂತ ಹೇಳಿ ಕೂತರು.

ಈ ಸಲವೂ ನಕ್ಕರು. ಅದನ್ನು ಮುಚ್ಚಿಡುವುದಿಲ್ಲ. ಕೆಲವು ಹೊಡೆದಾಟಗಳಿಗೆ ಜೋರಾಗಿಯೇ ನಕ್ಕರು. ಆದರೆ ನಕ್ಕ ಮೇಲೆ ಮತ್ತೆ ಸುಮ್ಮನಾಗಿ ನೋಡುತ್ತಿದ್ದರು. ಹಾಡು ಬಂದಾಗ ಇಡೀ ಹಾಲ್ ಹಾಡಿತು. ಶುರುವಿನಲ್ಲಿ ಗೇಲಿಯ ಧ್ವನಿ ಇತ್ತು, ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಗೇಲಿ ಕರಗಿತ್ತು. ಇಂಟರ್ವಲ್‌ಗೆ ಹೋದವರು ವಾಪಸ್ ಬಂದರು. ನನಗೆ ಮುಖ್ಯವಾದ ಅಳತೆ ಅದೊಂದೇ ಆಗಿತ್ತು.

ಮುಗಿದ ಮೇಲೆ ಪಾವಗಡದ ಹುಡುಗ ಕೇಳಿದ: “ಸರ್, ಮೊದಲನೇ ಪಾರ್ಟ್ ಪೂರ್ತಿ ಯಾವಾಗ ತೋರಿಸ್ತೀರಾ? ಅವತ್ತು ನೀವು ಕಟ್ ಮಾಡಿದ್ರಂತೆ.” ತಾತ ಹೇಳಿಬಿಟ್ಟಿದ್ದರು. ಮತ್ತೆ ಪತ್ರ ಬರೆದು ಒಪ್ಪಿಗೆ ಕೇಳಿ, ಮೂರನೇ ಶೋಗೆ ‘ಜೇಡರ ಬಲೆ’ಯನ್ನು ಪೂರ್ತಿ ತೋರಿಸಿದೆವು. ನರಸಿಂಹರಾಜು ಬಂದಾಗ ಮೊದಲ ಚಪ್ಪಾಳೆ ತಿಪಟೂರಿನ ಹುಡುಗರದು.

ಐದು ಒನ್‌ಲೈನ್

ಒನ್‌ಲೈನ್ ಬರೆಯುವ ದಿನ ಐದು ಬಂದವು. ಎಲ್ಲವನ್ನೂ ಸಮವಾಗಿ ಹೇಳುವ ಅಗತ್ಯ ಇಲ್ಲ. ಮೂರು ಬೇಗ ಬಿದ್ದುಹೋದವು.

ಒಂದರಲ್ಲಿ 999 ಕುಡುಕ. ಹೆಂಡತಿ ಮಗು ಸತ್ತ ದುಃಖದಲ್ಲಿ ಕತ್ತಲೆ ಕೋಣೆಯಲ್ಲಿ ಕೂತಿರುತ್ತಾನೆ. ಇದು ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. ಯಾವ ಹಳೆಯ ನಾಯಕನನ್ನು ಎಬ್ಬಿಸಿದರೂ ಈಗ ಮೊದಲು ಅವನ ಕೈಗೆ ಬಾಟಲಿ ಕೊಡುವುದು ಒಂದು ಚಟ ಆಗಿದೆ. ಇನ್ನೊಂದು, ಮೊಮ್ಮಗನಿಗೆ ಅಟ್ಟದ ಮೇಲೆ ತಾತನ ಫೈಲು ಸಿಗುವ ಕಥೆ. ಮೂರನೆಯದು ಪ್ಯಾನ್ ಇಂಡಿಯಾ. ಐದು ದೇಶ, ಮೂರು ಹೆಲಿಕಾಪ್ಟರ್. ಬರೆದವನನ್ನು ಕೇಳಿದೆ, ಇದರಲ್ಲಿ 999 ಅಂತ ಇರೋದನ್ನು ಅಳಿಸಿ 555 ಅಂತ ಬರೆದರೆ ಏನು ಬದಲಾಗುತ್ತೆ? “ಏನೂ ಇಲ್ಲ ಸರ್” ಅಂದ. ಪ್ರಾಮಾಣಿಕ ಹುಡುಗ.

ಆ ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿತು. ಹೊರಗಿನ ಉದಾಹರಣೆಗಳಿಗೂ ಅದನ್ನೇ ಹಾಕಿ ನೋಡಿದೆವು. 2006ರಲ್ಲಿ ‘ಕಸಿನೊ ರಾಯಲ್’ ಬಂದಾಗ ಬಾಂಡ್ ಸರಣಿಯವರು ಎಷ್ಟೋ ಸಾಮಾನು ಹೊರಗೆ ಹಾಕಿದರು. ಗ್ಯಾಜೆಟ್ ಕೊಡುವ ಮುದುಕ ಕ್ಯೂ ಇಲ್ಲ, ಆಫೀಸಿನ ಸೆಕ್ರೆಟರಿ ಮನಿಪೆನ್ನಿ ಇಲ್ಲ. ಆ ಪ್ರಸಿದ್ಧ ಸಂಗೀತವನ್ನು ಪೂರ್ತಿಯಾಗಿ ಕೇಳಿಸಿದ್ದು ಕೊನೆಯಲ್ಲಿ, ಅವನು ತನ್ನ ಹೆಸರು ಹೇಳಿದ ಮೇಲೆ. ಅಂದರೆ ಬಿಸಾಡಲಿಲ್ಲ, ಕಾಯಿಸಿದರು. ತಮಿಳಿನಲ್ಲಿ 1986ರ ‘ವಿಕ್ರಮ್’ನ ಗೂಢಚಾರ 2022ರಲ್ಲಿ ವಾಪಸ್ ಬಂದ. ಹಳೆಯ ಹಾಡಿನ ನೆನಪೂ ಬಂತು, ಅದೇ ಕಮಲ ಹಾಸನ್ ಬಂದರು. ಅವರಿಗಿದ್ದ ಆ ಅನುಕೂಲ ನಮಗಿಲ್ಲ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ಹೋದರು. ಕಂಪ್ಯೂಟರಿನಲ್ಲಿ ಅವರ ಮುಖ ಮಾಡಬಹುದಲ್ಲ ಅಂತ ಒಬ್ಬ ಕೇಳಿದ. ತಾತ ಅವನನ್ನು ನೋಡಿದ ನೋಟಕ್ಕೆ ಚರ್ಚೆ ಅಲ್ಲಿಗೇ ಮುಗಿಯಿತು.

ನಾಲ್ಕನೆಯ ಒನ್‌ಲೈನ್ 1968ರ ಬೆಂಗಳೂರಲ್ಲೇ ನಡೆಯುವ ಕಥೆ. ಕಾಗದದ ಮೇಲೆ ಚೆನ್ನಾಗಿತ್ತು. ಬಜೆಟ್ ಲೆಕ್ಕ ಹಾಕಿದರೆ ಬರೀ ಆ ಕಾಲದ ರಸ್ತೆ ಕಟ್ಟುವುದಕ್ಕೇ ದುಡ್ಡು ಮುಗಿಯುತ್ತದೆ.

ಐದನೆಯದು ಗುಬ್ಬಿಯ ಹುಡುಗಿಯದು. ಅವಳಿಗೆ 999 ಅನ್ನೋದು ಮನುಷ್ಯನ ಹೆಸರಲ್ಲ, ಒಂದು ಕುರ್ಚಿಯ ಸಂಖ್ಯೆ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ. ಈಗ ಕೂತಿರೋದು ಮೂವತ್ತನಾಲ್ಕು ವಯಸ್ಸಿನ ಹೆಂಗಸು. ಕಥೆ ನಡೆಯೋದು ತುಮಕೂರಿನಲ್ಲಿ. ನಮ್ಮ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚಿತಲ್ಲ, ಆಮೇಲೆ ಆ ಜಾಗ ಇಸ್ರೊ ಕೈಗೆ ಹೋಯಿತು. ಆ ಬದಲಾವಣೆಯ ನಡುವೆ ಒಂದು ಕಾಗದ ಕಾಣೆಯಾಗುತ್ತದೆ. ‘ಜೇಡರ ಬಲೆ’ಯಲ್ಲಿ ಬರುವ ಚಿನ್ನ ಮಾಡುವ ಸೂತ್ರದ ಎಳೆಯನ್ನು ಅವಳು ಹೀಗೆ ತಿರುಗಿಸಿದ್ದಳು. ಗ್ಯಾಜೆಟ್ ಅಂತ ಇರೋದು ಒಂದೇ, ಕೀ ಕೊಡುವ ಹಳೆಯ ಎಚ್‌ಎಂಟಿ ವಾಚು. ಅದು ಮಾಡುವ ಕೆಲಸ ಟೈಮ್ ತೋರಿಸುವುದು ಮಾತ್ರ.

ಮತ್ತೆ ಅವಳ ಆಯುಧ ಏನು? ಕಿವಿ. ಆ ಹೆಂಗಸು ಕೆಲಸಕ್ಕೆ ಸೇರಿದ್ದೇ ಫೋನ್ ಮಾತುಗಳನ್ನು ಕೇಳಿ ಬರೆದುಕೊಳ್ಳುವುದಕ್ಕೆ. ಒಬ್ಬ ಮನುಷ್ಯ ಫೋನಿನಲ್ಲಿ ತಾನು ಧಾರವಾಡದವನು ಅಂತ ಹೇಳಿಕೊಳ್ಳುತ್ತಾನೆ. “ಹೊಂಟೀನ್ರಿ”, “ಬರ್ತೀನ್ರಿ”, ಎಲ್ಲಾ ಸರಿಯಾಗಿ ಹೇಳುತ್ತಾನೆ. ಕೊನೆಗೆ ಸಿಟ್ಟು ಬಂದು ಲೈನ್ ಇಡುವ ಮೊದಲು ಒಂದು ಮಾತು ಜಾರುತ್ತದೆ: “ಗೊತ್ತಿಲ್ಲ ಕಣಯ್ಯ!” ಅಷ್ಟೇ. ಧಾರವಾಡದವನ ಬಾಯಲ್ಲಿ ‘ಕಣಯ್ಯ’ ಬರುವುದಿಲ್ಲ. ಅವನು ನಮ್ಮ ಕಡೆಯವನು.

ಇದು ಎಲ್ಲಿಂದ ಹೊಳೆಯಿತು ಅಂತ ಕೇಳಿದೆ. ಅವಳು ತಾತನ ಕಡೆ ಕೈ ತೋರಿಸಿದಳು. “ಮೊದಲನೇ ಶೋ ಆದಮೇಲೆ ನಿಮಗೆ ಬೈದರಲ್ಲ ಸರ್. ನಾನು ಬಾಗಿಲ ಹೊರಗೆ ಚಪ್ಪಲಿ ಹುಡುಕ್ತಾ ಇದ್ದೆ.”

ಹಕ್ಕಿನ ಲೆಕ್ಕ

ಇಷ್ಟು ಆದ ಮೇಲೆ ಎಲ್ಲರೂ ಕೇಳಿದ ಪ್ರಶ್ನೆ, ಇದನ್ನು ಮಾಡಬಹುದಾ? ಅದಕ್ಕೆ ಉತ್ತರ ಉತ್ಸಾಹದಲ್ಲಿಲ್ಲ, ಕಾನೂನಿನಲ್ಲಿದೆ.

ನಮ್ಮ ದೇಶದಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯಾದ ಮುಂದಿನ ಜನವರಿಯಿಂದ 60 ವರ್ಷ. 1968ರ ಚಿತ್ರಗಳಿಗೆ 2028ರ ಕೊನೆವರೆಗೆ. 1969ರದಕ್ಕೆ ಇನ್ನೊಂದು ವರ್ಷ. 1978ರದಕ್ಕೆ 2038ರವರೆಗೆ. ಅಷ್ಟರವರೆಗೆ ಕಾದರೆ ಎಲ್ಲಾ ಫ್ರೀ ಅಂತ ಹುಡುಗರು ಕುಣಿದರು. ಹಾಗಲ್ಲ. ಕಥೆ, ಸಂಭಾಷಣೆ, ಹಾಡು ಬರೆದವರ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೊಸ ಕಥೆಗೆ ಹಳೆಯ ಪಾತ್ರ ಬೇಕು ಅಂದರೆ ಹಕ್ಕುದಾರರ ಜೊತೆ ಕೂತು ಮಾತಾಡಲೇಬೇಕು. ಕಾಯುವುದರಿಂದ ಇನ್ನೊಂದು ನಷ್ಟವೂ ಇದೆ. ನೆಗೆಟಿವ್ ಕಾಯುವುದಿಲ್ಲ. ಸರಿಯಾಗಿ ಇಡದ ಹಳೆಯ ಫಿಲ್ಮ್ ಸುಕ್ಕಾಗುತ್ತದೆ, ಹುಳಿ ವಾಸನೆ ಬರುತ್ತದೆ, ಆಮೇಲೆ ಯಾವ ಯಂತ್ರವೂ ಅದನ್ನು ಓದುವುದಿಲ್ಲ.

ಮರುಬಿಡುಗಡೆ ಮಾಡಿದರೆ ಸಾಲದಾ ಅಂತಲೂ ಯೋಚಿಸಿದೆವು. ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಟ್ಟರು. ‘ನಾಗರಹಾವು’ 2018ರಲ್ಲಿ ಹೊಸ ಧ್ವನಿಯ ಜೊತೆ ಬಂತು. ಈಚೆಗೆ ನಾಯಕರ ಹುಟ್ಟುಹಬ್ಬಕ್ಕೆ ಹಳೆಯ ಚಿತ್ರ ಬಿಡುವುದು ಮಾಮೂಲಾಗಿದೆ. ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಈಗಾಗಲೇ ಆ ಚಿತ್ರವನ್ನು ಪ್ರೀತಿಸುವವರು. ಪಟಾಕಿ ಹೊಡೆಯುತ್ತಾರೆ, ಸಂಭಾಷಣೆಯನ್ನು ನಾಯಕನಿಗಿಂತ ಮೊದಲೇ ಹೇಳುತ್ತಾರೆ. ನಮ್ಮ ಸಮಸ್ಯೆ ಬೇರೆ. ನಮ್ಮ ಮುಂದೆ ಕೂತವರಿಗೆ ನೆನಪೇ ಇರಲಿಲ್ಲ. ಹೊಸದಾಗಿ ಪರಿಚಯ ಮಾಡಿಸಬೇಕಿತ್ತು. ಬಣ್ಣ ತುಂಬುವ ಬಗ್ಗೆ ತಾತನ ಅಭಿಪ್ರಾಯ ಕೇಳಿದೆ. “ಅಗಲ ಮಾಡಿದ್ದೇ ಸಾಕಾಗಿಲ್ವಾ ನಿನಗೆ?” ಅಂದರು.

ಈಗ ಎಲ್ಲಿದೆ

ಹಕ್ಕುದಾರರಿಗೆ ಇನ್ನೊಂದು ಪತ್ರ ಹೋಗಿದೆ. ಈ ಸಲ ಪ್ರದರ್ಶನಕ್ಕಲ್ಲ, ಮಾತುಕತೆಗೆ. ಉತ್ತರ ಬಂದಿಲ್ಲ. ಒಪ್ಪದಿದ್ದರೆ 999 ಅನ್ನುವ ಸಂಖ್ಯೆಯನ್ನೇ ಬಿಟ್ಟು ಹುಡುಗಿ ತನ್ನ ಕಥೆಯನ್ನು ಬೇರೆ ಹೆಸರಿನಲ್ಲಿ ಮಾಡಬಹುದು. ಹಾಗೆ ಮಾಡಿದರೂ ಕಥೆ ನಿಲ್ಲುತ್ತದಾ ಅಂತ ನಾವು ಅದೇ 555ರ ಪ್ರಶ್ನೆ ಹಾಕಿದೆವು. ನಿಲ್ಲುತ್ತದೆ, ಆದರೆ ಏನೋ ಕಡಿಮೆಯಾಗುತ್ತದೆ ಅಂತ ಎಲ್ಲರಿಗೂ ಅನಿಸಿತು. ಏನು ಕಡಿಮೆಯಾಗುತ್ತದೆ ಅಂತ ಹೇಳಲು ಯಾರಿಗೂ ಆಗಲಿಲ್ಲ. ತಾತನಿಗೂ.

ಒನ್‌ಲೈನ್ ಈಗ ನಾಲ್ಕನೇ ಡ್ರಾಫ್ಟ್‌ಗೆ ಬಂದು ಟ್ರೀಟ್‌ಮೆಂಟ್, ಅಂದರೆ ದೃಶ್ಯಗಳ ಸಾಲಿನಲ್ಲಿ ಬಿಡಿಸಿ ಬರೆದ ಕಥೆ, ಆಗಿದೆ. ಅದರಲ್ಲಿ 999 ಮೊದಲ ಹದಿನಾಲ್ಕು ನಿಮಿಷ ಬಾಯೇ ತೆಗೆಯುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬರೀ ಕೇಳುತ್ತಾಳೆ. ಹದಿನೈದನೇ ನಿಮಿಷದಲ್ಲಿ ಎದ್ದು ನಿಲ್ಲುತ್ತಾಳೆ, ಕೋಟಿನ ಗುಂಡಿ ಹಾಕುತ್ತಾಳೆ, ಎದುರಿಗಿದ್ದವನಿಗೆ ಒಂದು ವಾಕ್ಯ ಹೇಳುತ್ತಾಳೆ. ಆ ವಾಕ್ಯದ ಜಾಗವನ್ನು ಹುಡುಗಿ ಖಾಲಿ ಬಿಟ್ಟಿದ್ದಾಳೆ. ಪ್ರತಿ ಭಾನುವಾರ ಸಂಜೆ ತಾತನ ಮನೆಗೆ ಹೋಗಿ ಏನೇನೋ ಓದಿ ತೋರಿಸುತ್ತಾಳಂತೆ. ಅವರು ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದಾರಂತೆ.